ಹುಳುಮನೆಯ ಮಳೆ

ಶೀಟಿನ ಮೇಲೆ ಸಣ್ಣ ಮಳೆ ಬೀಳುವ ಸದ್ದು ಕೇಳಿದರೆ ಇಂದಿಗೂ ನನ್ನ ಮೂಗಿಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತದೆ.

ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಮನೆಯ ನಡುಕೋಣೆಯನ್ನೇ ರೇಷ್ಮೆ ಹುಳುಗಳಿಗೆ ಬಿಟ್ಟುಕೊಟ್ಟಿದ್ದೆವು. ಕಿಟಕಿಗೆ ಗೋಣಿತಾಟು ಕಟ್ಟಿದ್ದ ಆ ಕತ್ತಲಲ್ಲಿ ಅಜ್ಜಿ ಹುಳುಗಳ ಯೋಗಕ್ಷೇಮವನ್ನು ಕಿವಿಯಿಂದಲೇ ತಿಳಿಯುತ್ತಿದ್ದಳು. ಬೆಳೆದ ಹುಳುಗಳು ಸೊಪ್ಪು ಮೇಯುವಾಗ ಥೇಟು ಮಳೆ ಹಿಡಿದ ಹಾಗೆ ಸದ್ದು. ಹುಳು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಆ ಘಾಟಿಗೆ ಹುಳು ಮೇವು ಬಿಡುತ್ತವೆ ಎಂದು ಅವಳ ನಂಬಿಕೆ.

ಒಂದು ಮಧ್ಯಾಹ್ನ ಅಮ್ಮ ಸೊಪ್ಪು ಹಾಕಿ ಹೊರಬಂದಳು. ಒಳಹೋದ ಅಜ್ಜಿ ಹುಳುಗಳತ್ತ ಕಿವಿಗೊಟ್ಟವಳೇ ಗಾಬರಿಯಿಂದ ಕೂಗಿದಳು: "ಹುಳ ಮೇಯ್ತಾನೇ ಇಲ್ವಲ್ಲೇ! ಒಗ್ಗರಣೆ ಗಿಗ್ಗರಣೆ ಹಾಕ್ದೇನೇ?"

ನನ್ನ ಕಿವಿಯಲ್ಲಿ ಮಳೆ ಸುರಿಯುತ್ತಲೇ ಇತ್ತು. "ಅಜ್ಜೀ, ಮೇಯ್ತಾ..." ಎನ್ನುವಷ್ಟರಲ್ಲಿ ಅಮ್ಮ ನನ್ನ ಬಾಯಿ ಮುಚ್ಚಿದಳು. ಹುಳು ಬಂದಾಗಿನಿಂದ ನಮಗೆಲ್ಲ ಸಪ್ಪೆ ಸಾರನ್ನೇ ಬಡಿಸಿದ್ದ ಅಮ್ಮ, ಅಜ್ಜಿಯ ಕಿವಿಯ ಹತ್ತಿರ ಬಾಗಿ, "ಹೂಂ ಅತ್ತೆ, ಒಂದೇ ಒಂದು ಮೆಣಸಿನಕಾಯಿ ಹಾಕ್ಬಿಟ್ಟೆ. ತಪ್ಪಾಯ್ತು," ಎಂದಳು.

ಅಜ್ಜಿ ಮನಸಾರೆ ಬೈದಳು. ಬೈದು ಮುಗಿದ ಮೇಲೆ ಅಮ್ಮ ಅವಳ ಕೈ ಹಿಡಿದು ಹುಳುಗಳ ತಟ್ಟೆಯ ಸೊಪ್ಪಿನ ಮೇಲೆ ಮೆಲ್ಲಗೆ ಇಟ್ಟಳು. ಬೆರಳಡಿಯಲ್ಲಿ ಎಲೆ ನಡುಗಿತು.

"ಈಗ ಮೇಯ್ತಾವೆ ಬಿಡೇ," ಎಂದು ಅಜ್ಜಿ ನಕ್ಕಳು.

ಅಂದಿನಿಂದ ಅಮ್ಮ ಮನೆಯಲ್ಲಿ ಎಲ್ಲರ ಜೊತೆಗೂ ಗಟ್ಟಿಯಾಗಿಯೇ ಮಾತಾಡತೊಡಗಿದಳು, ನಾನು ಅವಳ ತೊಡೆಯ ಮೇಲೆ ಮಲಗಿದ್ದಾಗಲೂ.