ಮದುವೆ ಚೀಲ

ಬೀಗರು ರಾತ್ರಿ ಊಟಕ್ಕೆ ಬರುವವರಿದ್ದರು. ಅವರಿಗೆ ಊಟದ ಜೊತೆ ಕೆಂಪು ವೈನ್ ಬೇಕೇ ಬೇಕು. ವನಮಾಲಾಗೆ ಚಿಂತೆ ಬೀಗರದಲ್ಲ, ಗಂಡನದು. ಮದುವೆಯ ಹಿಂದಿನ ದಿನ ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಅವನು ಕುಡಿತ ಬಿಟ್ಟಿದ್ದ. ಈಗ ಸಂಜೆಯಾದರೆ ಬಾರಿನ ಬದಲು ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುತ್ತಿದ್ದ. ಬೀಗರ ಜೊತೆ ಕೂತು ಒಂದು ಗುಟುಕು ಕುಡಿದರೂ ಎಲ್ಲ ಮತ್ತೆ ಮೊದಲಿನಂತೆಯೇ ಆಗಿಬಿಡುತ್ತದೆ.

ವೈನ್ ಅಂಗಡಿಯಲ್ಲಿ ಯಾರಾದರೂ ನೋಡಿಯಾರೆಂದು ಬಾಗಿಲ ಕಡೆಗೇ ಕಣ್ಣಿಟ್ಟು ಕೇಳಿದಳು, "ಬೆಲೆ ಕೈಗೆಟುಕುವಂತಿರಬೇಕು, ಬೀಗರ ಮುಂದೆ ಮರ್ಯಾದೆಯೂ ಉಳಿಯಬೇಕು."

"ಈ ಬ್ಲೆಂಡ್ ತಗೊಳ್ಳಿ ಮೇಡಂ. ಎರಡು ಮೂರು ಥರದ ದ್ರಾಕ್ಷಿ ಸೇರಿಸಿರ್ತಾರೆ, ಮೆತ್ತಗೆ ಇಳಿಯುತ್ತೆ."

"ಮೆತ್ತಗೆ ಇಳಿಯೋದು ಬೇಡ."

ಅಂಗಡಿಯವನು ನಕ್ಕ. "ಹಾಗಾದ್ರೆ ಕ್ಯಾಬರ್ನೆ. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ರುಚಿ ಗೊತ್ತಿರೋರು ಮಾತ್ರ ಮೆಚ್ತಾರೆ."

ರಮ್ಮಿಗೂ ಕೋಲಾ ಸುರಿದುಕೊಂಡು ಕುಡಿಯುತ್ತಿದ್ದ ಗಂಡ ಇದನ್ನು ಮುಟ್ಟಲಾರ. "ಅದನ್ನೇ ಕೊಡಿ" ಎಂದು ಅವಳು, ಮಗಳ ಮದುವೆಯಲ್ಲಿ ತಾಂಬೂಲ ಕೊಟ್ಟು ಉಳಿದಿದ್ದ, ವಧೂವರರ ಹೆಸರು ಅಚ್ಚಾದ ಚೀಲವನ್ನು ಮುಂದೆ ಚಾಚಿದಳು.

ಚೀಲ ನೋಡಿ ಅವನ ಮುಖ ಅರಳಿತು. "ಓ, ನೀವು ಸಾರ್ ಮನೆಯವರಾ? ಮೊದಲೇ ಹೇಳಬಾರದಾ. ಅವರು ಒಯ್ಯೋದೂ ಇದೇ ಕ್ಯಾಬರ್ನೆ, ಇಂಥದೇ ಚೀಲದಲ್ಲಿ."

ಬಾಟಲಿಯನ್ನು ಚೀಲದ ತಳದಲ್ಲಿ ಅಡ್ಡಲಾಗಿ ಮಲಗಿಸಿ ಕೊಟ್ಟ.

"ಮೇಲೆ ಸೊಪ್ಪು ನೀವೇ ಹಾಕ್ಕೊಳ್ಳಿ."