ಮೂರನೇ ಫಿರಂಗಿಯ ಮೊದಲ ಲೋಟ

ಮಲ್ಪೆ ಮುಳುಗಿದ ಮೇಲೆ ನಾವು ನಲವತ್ತು ಮನೆಯವರು ಈ ಹಳೆಯ ಜರ್ಮನ್ ಯುದ್ಧನೌಕೆಯಲ್ಲೇ ಸಂಸಾರ ಹೂಡಿದ್ದೇವೆ. ಅದರ ಎಂಟು ದೊಡ್ಡ ಫಿರಂಗಿಗಳು ಆಕಾಶಕ್ಕೆ ಬಾಯಿ ತೆರೆದು ಮಳೆನೀರು ಹಿಡಿಯುತ್ತವೆ. ಮೂರನೆಯದಕ್ಕೆ ನಾನು, ಸರೋಜಿನಿ ಮೆಂಡನ್, ನೀರಗಂಟಿ. ಹಿಂದೆ ಗುಂಡು ತುಂಬುತ್ತಿದ್ದ ಉಕ್ಕಿನ ಬಾಗಿಲನ್ನು ಒಂಚೂರು ಸಡಿಲಿಸಿದರೆ ಸಾಕು, ಕೊಡ ತುಂಬುತ್ತದೆ. ದಿನದ ಮೊದಲ ಲೋಟವನ್ನು ಹಡಗು ಕಟ್ಟಿದವರ ಹೆಸರಿನಲ್ಲಿ ಕಡಲಿಗೆ ಸುರಿಯಬೇಕು. ಅದು ನಮ್ಮ ಕಟ್ಟಳೆ.

ಇವತ್ತು ಬೆಳಿಗ್ಗೆ ಡೀಟರ್ ಎಂಬ ಜರ್ಮನ್ ಮುದುಕ ದೋಣಿಯಲ್ಲಿ ಬಂದ. ಈ ಬಾಗಿಲಿನ ನಕ್ಷೆ ಬರೆದದ್ದು ಅವನ ಮುತ್ತಜ್ಜನಂತೆ. ಅದನ್ನು ಮುಟ್ಟಿ ತಲೆ ತಗ್ಗಿಸಿದ.

"ಎಂಟುನೂರು ಕಿಲೋ ತೂಕದ ಗುಂಡು ಮೂವತ್ತೈದು ಕಿಲೋಮೀಟರ್ ದೂರ ಹೋಗುತ್ತಿತ್ತು," ಎಂದ ಮುರುಕು ಕನ್ನಡದಲ್ಲಿ. "ಕ್ಷಮೆ ಕೇಳಲು ಬಂದೆ."

"ಯಾರ ಹತ್ತಿರ ಮಾರಾಯ್ರೇ? ಹೋದ ಬೇಸಿಗೆಯಲ್ಲಿ ಉಳಿದ ಏಳೂ ತುಕ್ಕು ಹಿಡಿದು ಸೋರಿ ಬತ್ತಿದವು. ಈ ಬಾಗಿಲು ಮಾತ್ರ ಒಂದು ಹನಿ ಬಿಡಲಿಲ್ಲ. ನನ್ನ ಮೊಮ್ಮಗಳು ಉಳಿದದ್ದು ಇದರಿಂದ."

ನಾನು ಮೊದಲ ಲೋಟ ಹಿಡಿದು ಹಡಗಿನ ಅಂಚಿನ ಕಂಬಿಯವರೆಗೆ ಹೋದವಳು, ಹಿಂದಿರುಗಿ ಬಂದು ಅವನ ಕೈಗಿಟ್ಟೆ.

"ಕುಡೀರಿ. ಇಷ್ಟು ವರ್ಷ ವಿಳಾಸ ಗೊತ್ತಿಲ್ಲದೆ ಕಡಲಿಗೆ ಕೊಡ್ತಿದ್ದೆ."