ಉರಿಗಾಂ ಗೋಡೆಯ ಬಾವಿ

"ಪೂರ್ತಿ ಬಳಿ ಸೆಲ್ವಣ್ಣ. ಒಂದು ಗೆರೇನೂ ಕಾಣಬಾರ್ದು," ಎಂದು ಹಬ್ಬದ ಕಮಿಟಿಯ ನರೇಶ ಸುಣ್ಣದ ಬಕೆಟ್ಟನ್ನು ಕಾಲಿನಿಂದಲೇ ಗೋಡೆಯತ್ತ ತಳ್ಳಿದ.

ಚಿನ್ನದ ಗಣಿಯ ಊರಾದ ಉರಿಗಾಂನ ವಾಚನಾಲಯದ ಆ ಗೋಡೆಗೆ ಚಿತ್ರ ಬರೆದವನೇ ಸೆಲ್ವರಾಜ್. ಸುಮಿತಾ ಟೀಚರ್ ಭಾನುವಾರ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರನ್ನು ಕೂರಿಸಿಕೊಂಡು ಹೇಳಿದ ಸಿಂಧ್ ಕಡೆಯ ಕಥೆ ಅದು. ಬಾವಿ ತೋಡುವಾಗ ಮರಳು ಕುಸಿದು ಗಂಡ ಒಳಗೇ ಉಳಿಯುತ್ತಾನೆ, ಹೆಂಡತಿ ದಿನಾ ಬಾವಿಯ ಬಾಯಿಗೆ ಬಂದು ಹಾಡುತ್ತಾಳೆ: ‘ಮರಳೇ, ನೀ ನುಂಗಿದ್ದು ನನ್ನ ನೆರಳು, ಬಿಸಿಲಲ್ಲೇ ನಿಂತಿದ್ದೀನಿ, ತಿರುಗಿ ಕೊಡು.’ ಕೆಳಗೆ ‘ಪಾಕಿಸ್ತಾನದ ಜನಪದ ಕಥೆ’ ಎಂದೂ ಸೆಲ್ವರಾಜ್ ಬರೆದಿದ್ದ. ಎಲ್ಲಿಯ ಸರಕೋ ಅಲ್ಲಿಯ ಹೆಸರು, ಬೋರ್ಡು ಬರೆಯುವವನಿಗೆ ಅಷ್ಟೇ ಲೆಕ್ಕ.

"ಆ ಒಂದು ಸಾಲು ಅಳಿಸ್ಬಿಡ್ತೀನಿ ತಂಬಿ. ಚಿತ್ರ ಇರ್ಲಿ. ಮುನಿಗಂಗಮ್ಮಕ್ಕ ದಿನಾ ಅಲ್ಲಿ ಹೂ ಮಡಗ್ತದೆ."

"ಪಾಕಿಸ್ತಾನದ ಬಾವಿಗೆ ಹೂವಾ?"

"ಅದರ ಗಂಡ ಗಣಿಗೆ ಇಳಿದೋನು ಮೇಲೇ ಬರ್ಲಿಲ್ಲ. ಹೆಣಾನೂ ಸಿಗ್ಲಿಲ್ಲ. ಸಮಾಧಿ ಅಂತ ಎಲ್ಲಿಗೆ ಓಗ್ತದೆ, ಹೇಳು?"

"ಅದೆಲ್ಲಾ ನಂಗೊತ್ತಿಲ್ಲ. ಹಬ್ಬದ ಕಮಾನು, ಬೋರ್ಡು ಎಲ್ಲಾ ನಿಂಗೇ ಅಂತ ಕಮಿಟೀಲಿ ಹೇಳಿದ್ದೀನಿ. ಬೇರೆಯೋರಿಗೆ ಕೊಡ್ಲಾ?"

ಗೋಡೆ ಕಾಯುತ್ತಾ ಕೂತರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಸೆಲ್ವರಾಜ್ ಬ್ರಷ್ ಅದ್ದಿದ. ಅಕ್ಷರ ಹೋಯಿತು, ಹಾಡುವ ಹೆಂಗಸೂ ಹೋದಳು. ಬಾವಿಯ ಕಪ್ಪು ಮಾತ್ರ ಹಟ ಹಿಡಿಯಿತು. ಅದರ ಮೇಲೆ ಇನ್ನೊಂದು ಕೋಟ್ ಹೊಡೆದ.

ಸುಣ್ಣ ಆರುವ ಮೊದಲೇ ಮುನಿಗಂಗಮ್ಮ ಬಂದಳು. ನರೇಶ ಜಗಳಕ್ಕೆಂದು ಎದೆ ಸೆಟೆಸಿ ನಿಂತ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬಿಳಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಪೂರ್ತಿ ಮುಚ್ಚಿದ್ರಾ ಸೆಲ್ವಾ?"

"ಮುಚ್ಚಿದ್ವಿ ಅಕ್ಕಾ." ಅವನ ಕಣ್ಣು ಬಕೆಟ್ಟಿನಲ್ಲಿತ್ತು.

ಅವಳು ಎದುರಿನ ತನ್ನ ಮನೆಗೆ ಹೋಗಿ ಬಿಂದಿಗೆ ತುಂಬ ನೀರು ತಂದಳು.

"ಇಷ್ಟು ವರ್ಸಕ್ಕೆ ಇವತ್ತು ಅವರ್ದು ಆಯ್ತಪ್ಪ. ಬನ್ನಿ, ಮಣ್ಣು ಮಾಡಿದೋರು ಕೈಕಾಲು ತೊಳೀದೆ ಮನೆಗೆ ಓಗ್ಬಾರ್ದು."

ಸೆಲ್ವರಾಜ್ ಸುಣ್ಣದ ಕೈ ಚಾಚಿದ. ನರೇಶ ಹಿಂದೆ ಸರಿದ. "ನಾನು ಬ್ರಷ್ಷೇ ಮುಟ್ಟಿಲ್ಲ."

"ಮುಂದೆ ನಿಂತು ಮಾಡಿಸಿದೋನು ನೀನೇ ಅಲ್ವಾ ಮಗಾ? ಮೊದ್ಲು ನಿನ್ನ ಕೈ ತಾ."

ನರೇಶ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅವಳು ಬಿಂದಿಗೆ ಬಗ್ಗಿಸಿಕೊಂಡು ಕಾಯುತ್ತಾ ನಿಂತಳು.